ಸಿಗ್ಮಾದ ಕೆಳಗಿನ ಎರಡು ಸಾಲು

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆ ಭೌತಶಾಸ್ತ್ರದ ಟಿಪ್ಪಣಿಗಳು ಈಗ ಕೈಬರಹದಲ್ಲಿ ಸಿಗುವುದು ಕಡಿಮೆ. ಡಿ.ಟಿ.ಪಿ. ಆಗಿ, ಜೆರಾಕ್ಸ್ ಆಗಿ ವಿದ್ಯಾರ್ಥಿಗಳ ಕೈಸೇರುತ್ತವೆ. ಪಠ್ಯದ ಅಕ್ಷರಗಳು ಅಂದವಾಗಿಯೇ ಇರುತ್ತವೆ. ತೊಡಕಿರುವುದು ಸೂತ್ರಗಳ ಪಾದಾಕ್ಷರಗಳಲ್ಲಿ, ಅಂದರೆ ಚಿಹ್ನೆಯ ಬುಡದಲ್ಲಿ ಸಣ್ಣದಾಗಿ ಬರೆಯುವ ಅಕ್ಷರ ಮತ್ತು ಅಂಕಿಗಳಲ್ಲಿ.

ಅಂಥ ಒಂದು ಟಿಪ್ಪಣಿಯನ್ನು ಇತ್ತೀಚೆಗೆ ನೋಡಿದೆ. ಹಲವು ವಿದ್ಯುದಾವೇಶಗಳ ನಡುವೆ 'ಐ' ಎಂಬ ಕ್ರಮಾಂಕದ ಆವೇಶದ ಮೇಲಿನ ಒಟ್ಟು ಬಲವನ್ನು ಅದರಲ್ಲಿ ಲೆಕ್ಕಹಾಕಲಾಗಿದೆ. ಸಂಕಲನ ಚಿಹ್ನೆಯಾದ ಸಿಗ್ಮಾದ ಕೆಳಗೆ 'ಜೆ = 1' ಒಂದು ಸಾಲಿನಲ್ಲಿ, 'ಜೆ ≠ ಐ' ಅದರಡಿ ಇನ್ನೊಂದು ಸಾಲಿನಲ್ಲಿ ಇರಬೇಕು. ಅಚ್ಚಿನಲ್ಲಿ ಎರಡೂ ಕೂಡಿಕೊಂಡು 'ಜೆ = 1ಜೆ ≠ ಐ' ಎಂದಾಗಿದೆ. ಹೊಸಬರು ಇದನ್ನು ಒಂದರಿಂದ ಗುಣಿಸಿದ 'ಜೆ' ಎಂದು ಓದಿದರೆ ಅವರನ್ನು ದೂರುವಂತಿಲ್ಲ. ಮುಂದಿನ ಪುಟದಲ್ಲಿ ಎರಡನೆಯ ಷರತ್ತೇ ಮಾಯ! ಆಗ 'ಜೆ'ಯು 'ಐ'ಗೆ ಸಮನಾಗುವ ಪದವೂ ಮೊತ್ತದೊಳಗೆ ಬರುತ್ತದೆ. ಆವೇಶವೊಂದಕ್ಕೆ ತನ್ನಿಂದಲೇ ಇರುವ ದೂರ ಸೊನ್ನೆ. ಕೂಲಾಮ್ ನಿಯಮದಲ್ಲಿ ಆ ದೂರದ ವರ್ಗ ಛೇದದಲ್ಲಿದೆ. ಉತ್ತರಕ್ಕೆ ಅರ್ಥವೇ ಉಳಿಯುವುದಿಲ್ಲ.

ಪ್ರಚ್ಛನ್ನ ಶಕ್ತಿಯ ಸೂತ್ರದಲ್ಲಿ ಪೆಟ್ಟು ಇಷ್ಟು ಎದ್ದು ಕಾಣುವುದಿಲ್ಲ, ಆದ್ದರಿಂದಲೇ ಹೆಚ್ಚು ಅಪಾಯ. ಮೂರು ಆವೇಶಗಳಿದ್ದರೆ 'ಐ < ಜೆ' ಎಂಬ ಷರತ್ತು 12, 13, 23 ಎಂಬ ಮೂರು ಜೋಡಿಗಳನ್ನಷ್ಟೇ ಆಯುತ್ತದೆ. ಅದು 'ಐ ≠ ಜೆ' ಎಂದು ಅಚ್ಚಾದರೆ 21, 31, 32 ಕೂಡ ಸೇರಿ ಪದಗಳು ಆರಾಗುತ್ತವೆ. ಮುಂದೆ ಅರ್ಧ ಎಂಬ ಗುಣಕವಿಲ್ಲದಿದ್ದರೆ ಶಕ್ತಿ ಇಮ್ಮಡಿ.

ಸೀಮೆಸುಣ್ಣಕ್ಕೆ ಇಂಥ ಕಷ್ಟವಿಲ್ಲ. ಕಂಪ್ಯೂಟರಿಗೂ ಇರಬೇಕಾಗಿಲ್ಲ. ಡೊನಾಲ್ಡ್ ಕ್ನೂತ್ 1978ರಲ್ಲಿ ಮೊದಲ ರೂಪ ಕೊಟ್ಟ ಟೆಕ್ ತಂತ್ರಾಂಶ ಗಣಿತ ಜೋಡಣೆಗೆಂದೇ ಹುಟ್ಟಿದ್ದು. ಅದರೊಡನೆ ಬಳಸುವ ಎ.ಎಂ.ಎಸ್. ಮ್ಯಾತ್ ಎಂಬ ಸೇರ್ಪಡೆಯಲ್ಲಿ 'ಸಬ್‌ಸ್ಟ್ಯಾಕ್' ಎಂಬ ಆಜ್ಞೆ ಷರತ್ತುಗಳನ್ನು ಸಾಲುಸಾಲಾಗಿ, ನಡುವಿಗೆ ಹೊಂದಿಸಿ ಇಡುತ್ತದೆ. ಎಡಕ್ಕೆ ಹೊಂದಿಸಲು 'ಸಬ್‌ಅರೇ' ಇದೆ. ಎರಡು ಗಿಡ್ಡ ಷರತ್ತುಗಳಿಗೆ ನಡುವಿನ ಜೋಡಣೆ ಸಾಕು. ಉದ್ದ ಹೆಚ್ಚುಕಡಿಮೆ ಇರುವ ಮೂರು ಸಾಲುಗಳಿದ್ದರೆ ಎಡಕ್ಕೆ ಹೊಂದಿಸುವುದೇ ವಾಸಿ, ಕಣ್ಣು ಅಲೆಯುವುದಿಲ್ಲ. ಟೆಕ್ ಕೂಡ ಎಲ್ಲವನ್ನೂ ತಾನಾಗಿ ಸರಿಮಾಡದು: ಕಾರ್ಬನ್ 14ರ ಚಿಹ್ನೆಯಲ್ಲಿ ಕೆಳಗಿನ 6 ಇರಬೇಕಾದದ್ದು 4ರ ಅಡಿಯಲ್ಲಿ, ಸುಮ್ಮನೆ ಬಿಟ್ಟರೆ 1ರ ಅಡಿಗೆ ಸರಿಯುತ್ತದೆ.

ಹಳೆಯ ಆಸ್ಕಿ ಫಾಂಟುಗಳದು ಬೇರೆಯೇ ತಂಟೆ. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ತುಣುಕುಗಳು ಕುಳಿತಿರುವುದರಿಂದ, ಫಾಂಟು ಬದಲಿಸಲು ಮರೆತರೆ 'ಐ', 'ಜೆ' ಕನ್ನಡದ ಚೂರುಗಳಾಗುತ್ತವೆ. ಯೂನಿಕೋಡಿನಲ್ಲಿ ಈ ಗೊಂದಲವಿಲ್ಲ.

ಆದರೆ ಕನ್ನಡದ ಒತ್ತಕ್ಷರ ಯೂನಿಕೋಡಿನಲ್ಲೂ ಸಾಲಿನ ಕೆಳಗೇ ಇಳಿಯುತ್ತದೆ. 'ಅಂತ್ಯ' ಎಂಬ ಪದವನ್ನು ಮೇಲಿನ ಸಾಲಿನಲ್ಲಿಟ್ಟರೆ ಅದರ ಯ-ಒತ್ತು ಕೆಳಸಾಲಿನ ತಲೆಗೆ ತಾಗುತ್ತದೆ. ಸಬ್‌ಸ್ಟ್ಯಾಕ್‌ನ ಅಂತರ ರೋಮನ್ ಅಕ್ಷರಗಳ ಅಳತೆಯದು. ಕನ್ನಡಕ್ಕೆ ಅದನ್ನು ನಾವೇ ಹೆಚ್ಚಿಸಿಕೊಳ್ಳಬೇಕು, ಇಲ್ಲವೇ ಷರತ್ತನ್ನು ಸೂತ್ರದ ಪಕ್ಕದಲ್ಲಿ ಒಂದು ವಾಕ್ಯವಾಗಿ ಬರೆದುಬಿಡಬೇಕು.