ಲ್ಯಾಂಬ್ಡಾ ಕಲನದ ಮೂಲಗ್ರಂಥಗಳು: ಒಂದು ವಿಮರ್ಶೆ

ಒಂದು ಶಾಸ್ತ್ರದ ಮೂಲಗ್ರಂಥಗಳೆಂದು ಹೆಸರಾದ ಬರಹಗಳಿಗೆ ಎರಡು ಬಗೆಯ ಅಪಾಯಗಳುಂಟು. ಯಾರೂ ಓದದೆ ಎಲ್ಲರೂ ಹೆಸರಿಸುವುದು ಒಂದು. ಓದಿದವರೂ ತಾವು ಮೊದಲೇ ಕೇಳಿದ ಕಥೆಯನ್ನೇ ಅವುಗಳಲ್ಲಿ ಕಂಡು ತೃಪ್ತರಾಗುವುದು ಇನ್ನೊಂದು. ಫಂಕ್ಷನಲ್ ಪ್ರೋಗ್ರಾಮಿಂಗ್ ಎಂದು ರೂಢಿಯಲ್ಲಿರುವ ಪದ್ಧತಿಯ ಮೂಲಗ್ರಂಥಗಳಿಗೆ ಈ ಎರಡನೆಯ ಗತಿ ಒದಗಿದೆಯೆಂಬುದು ನಮ್ಮ ಅಭಿಪ್ರಾಯ. ಚರ್ಚ್ ಅವರು ಲ್ಯಾಂಬ್ಡಾ ಕಲನವನ್ನು ನಿರ್ಮಿಸಿದರು. ಮೆಕಾರ್ಥಿ ಅವರು ಅದನ್ನು ಲಿಸ್ಪ್ ಭಾಷೆಯಾಗಿ ಯಂತ್ರಕ್ಕೆ ಇಳಿಸಿದರು. ಲ್ಯಾಂಡಿನ್ ಅದನ್ನು ವಿಸ್ತರಿಸಿದರು. ಬ್ಯಾಕಸ್ ಅದರ ಪರವಾಗಿ ವಾದಿಸಿದರು. ಹ್ಯೂಸ್ ಅದರ ಪ್ರಯೋಜನವನ್ನು ತೋರಿಸಿದರು. ಹೀಗೆ ತಂದೆಯಿಂದ ಮಗನಿಗೆ ಇಳಿದುಬಂದ ಆಸ್ತಿಯಂತೆ ಈ ಪರಂಪರೆಯನ್ನು ವರ್ಣಿಸುವುದು ವಾಡಿಕೆಯಾಗಿದೆ. ಈ ವಂಶಾವಳಿ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಆ ಬರಹಗಳನ್ನೇ ಮುಂದಿಟ್ಟುಕೊಂಡು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ಇದು ಕೇವಲ ಇತಿಹಾಸದ ಪ್ರಶ್ನೆಯಲ್ಲ. ವಿದ್ಯಾರ್ಥಿಯು ಯಾವುದನ್ನು ಮೊದಲು ಓದಬೇಕು, ಯಾವ ಮಾತನ್ನು ಎಷ್ಟು ನಂಬಬೇಕು ಎಂಬುದು ಇದನ್ನೇ ಅವಲಂಬಿಸಿದೆ.

ಮೊದಲು ಪರಿಭಾಷೆಯ ವಿಚಾರವಾಗಿ ಒಂದು ಮಾತು. ಗಣಿತದ ಫಂಕ್ಷನ್ ಎಂಬುದನ್ನು ನಾವು ಇಲ್ಲಿ ಫಲನವೆಂದು ಕರೆದಿದ್ದೇವೆ. ಲ್ಯಾಂಬ್ಡಾ ಕಲನದಲ್ಲಿ ಇರುವುದು ಮೂರೇ ಬಗೆಯ ಪದಗಳು: ಚರಾಕ್ಷರ, ಚರಾಕ್ಷರವೊಂದನ್ನು ಬಂಧಿಸಿ ಫಲನವನ್ನು ರಚಿಸುವುದು, ಒಂದು ಪದವನ್ನು ಇನ್ನೊಂದಕ್ಕೆ ಅನ್ವಯಿಸುವುದು. ಅನ್ವಯಿಸಿದಾಗ ಬದ್ಧ ಚರಾಕ್ಷರವಿದ್ದೆಡೆಯಲ್ಲೆಲ್ಲ ಕೊಟ್ಟ ಪದವನ್ನು ಇಡುವುದೇ ಗಣನೆ. ಸಂಖ್ಯೆಗಳನ್ನು ಕೂಡ ಹೊರಗಿನಿಂದ ತರಬೇಕಾಗಿಲ್ಲ. ಯಾವುದಾದರೊಂದು ಕ್ರಿಯೆಯನ್ನು ಎರಡು ಸಲ ನಡೆಸುವ ಫಲನವೇ ಎರಡು. ಮೂರು ಸಲ ನಡೆಸುವುದೇ ಮೂರು. ಇಷ್ಟು ಅಲ್ಪವಾದ ಸಾಮಗ್ರಿಯಿಂದ ಗಣನೀಯವಾದುದೆಲ್ಲವನ್ನೂ ಹೇಳಬಹುದೆಂಬುದೇ ಈ ಕಲನದ ಸೊಗಸು.

ಆದರೆ ಅಲೋನ್ಜೊ ಚರ್ಚ್ ಅವರು ಹೊರಟದ್ದು ಗಣನೆಯ ಶಾಸ್ತ್ರವನ್ನು ಕಟ್ಟಲಿಕ್ಕಲ್ಲ. 1932 ಮತ್ತು 1933ರಲ್ಲಿ ಪ್ರಕಟವಾದ ಅವರ ಎರಡು ಪ್ರಬಂಧಗಳ ಗುರಿ ತರ್ಕಶಾಸ್ತ್ರಕ್ಕೆ ಹೊಸ ಅಡಿಪಾಯ ಹಾಕುವುದಾಗಿತ್ತು. 1935ರಲ್ಲಿ ಅವರ ಶಿಷ್ಯರೇ ಆದ ಕ್ಲೀನಿ ಮತ್ತು ರಾಸರ್ ಆ ಪದ್ಧತಿಯಲ್ಲಿ ವಿರೋಧವಿದೆಯೆಂದು ಸಾಧಿಸಿದರು. ಮನೆ ಬಿದ್ದರೂ ಒಂದು ಕೋಣೆ ಉಳಿಯಿತು. ತರ್ಕದ ಭಾಗವನ್ನು ಕೈಬಿಟ್ಟು ಫಲನಗಳ ಭಾಗವನ್ನಷ್ಟೇ ಇಟ್ಟುಕೊಂಡಾಗ ದೊರೆತದ್ದೇ ಇಂದಿನ ಲ್ಯಾಂಬ್ಡಾ ಕಲನ. 1936ರಲ್ಲಿ ಚರ್ಚ್ ಮತ್ತು ರಾಸರ್ ಇದರಲ್ಲಿ ಅಂಥ ದೋಷವಿಲ್ಲವೆಂಬುದಕ್ಕೆ ಆಧಾರ ಒದಗಿಸಿದರು: ಒಂದೇ ಪದವನ್ನು ಬೇರೆ ಬೇರೆ ಕ್ರಮದಲ್ಲಿ ಸರಳಗೊಳಿಸಿದರೂ ದಾರಿಗಳು ಮತ್ತೆ ಕೂಡಬಲ್ಲವು; ಆದುದರಿಂದ ಅಂತಿಮ ರೂಪವೆಂಬುದಿದ್ದರೆ ಅದು ಒಂದೇ. ಅದೇ ವರ್ಷ ಚರ್ಚ್ ಅವರು ಈ ಕಲನವನ್ನು ಸಾಧನವಾಗಿ ಮಾಡಿಕೊಂಡು, ಯಾವ ಯಾಂತ್ರಿಕ ವಿಧಾನದಿಂದಲೂ ಬಗೆಹರಿಯದ ಸಮಸ್ಯೆಯೊಂದು ಸಂಖ್ಯಾಶಾಸ್ತ್ರದಲ್ಲಿ ಇದೆಯೆಂದು ತೋರಿಸಿದರು. ಮೂಲಗ್ರಂಥವೆಂದು ಕರೆಯಬೇಕಾದ 1941ರ ಅವರ ಚಿಕ್ಕ ಪುಸ್ತಕ ಈ ಸೋಲು ಗೆಲವುಗಳೆರಡರ ನಂತರ ಬಂದುದು. ಅದನ್ನು ಕ್ರಮವಿಧಿ ಭಾಷೆಯ ಪೂರ್ವರೂಪವೆಂದು ಓದುವವನು ಅದರ ಪ್ರಶ್ನೆಯನ್ನೇ ತಪ್ಪಾಗಿ ಗ್ರಹಿಸುತ್ತಾನೆ.

ಇನ್ನು ಜಾನ್ ಮೆಕಾರ್ಥಿ ಅವರ 1960ರ ಪ್ರಬಂಧ. ಸಾಂಕೇತಿಕ ಪದಗಳ ಪುನರಾವರ್ತಕ ಫಲನಗಳನ್ನು ಕುರಿತ ಈ ಬರಹದ ಮೊದಲ ಭಾಗವಷ್ಟೇ ಪ್ರಕಟವಾಯಿತು. ಎರಡನೆಯದು ಬರಲೇ ಇಲ್ಲ. ಸೂತ್ರ ಬೇರೆ, ಫಲನ ಬೇರೆ ಎಂಬ ವಿವೇಚನೆಗಾಗಿ ಅವರು ಚರ್ಚ್ ಅವರ ಸಂಕೇತವನ್ನು ಎರವಲು ಪಡೆದರು. "ಎ ಇಂದ ಬಿ ಯನ್ನು ಕಳೆ" ಎಂಬ ಸೂತ್ರಕ್ಕೆ 7 ಮತ್ತು 3ನ್ನು ಕೊಟ್ಟರೆ, ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂದು ಗೊತ್ತಾಗುವ ತನಕ ಉತ್ತರ 4 ಆಗಬಹುದು, ಋಣ 4 ಸಹ ಆಗಬಹುದು; ಲ್ಯಾಂಬ್ಡಾ ಆ ಸಂದೇಹವನ್ನು ಕಳೆಯುತ್ತದೆ. ಎರವಲು ಅಷ್ಟೇ. ಚರ್ಚ್ ಅವರ ಪುಸ್ತಕದ ಉಳಿದ ಭಾಗ ತಮಗೆ ಅರ್ಥವಾಗಿರಲಿಲ್ಲವೆಂದು ಮೆಕಾರ್ಥಿ ಅವರೇ ಲಿಸ್ಪಿನ ಇತಿಹಾಸವನ್ನು ಬರೆಯುವಾಗ ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾರೆ. ಆ ಒಪ್ಪಿಗೆಯನ್ನು ನಾವು ಅವರ ಪ್ರಾಮಾಣಿಕತೆಗೆ ಸಾಕ್ಷಿಯೆಂದು ಗೌರವಿಸುತ್ತೇವೆ. ಅದರ ಪರಿಣಾಮವನ್ನಾದರೋ ಮರೆಯಲಾಗದು. ಮೊದಲ ಲಿಸ್ಪಿನಲ್ಲಿ ಫಲನದ ಒಳಗಿನ ಮುಕ್ತ ಚರಾಕ್ಷರವು ತನ್ನ ಬೆಲೆಯನ್ನು ಫಲನ ರಚಿತವಾದ ಸ್ಥಳದಿಂದ ಪಡೆಯದೆ, ಅದನ್ನು ಕರೆದ ಸ್ಥಳದಿಂದ ಪಡೆಯುತ್ತಿತ್ತು. ಲ್ಯಾಂಬ್ಡಾ ಕಲನದಲ್ಲಿ ಬದ್ಧ ಚರಾಕ್ಷರದ ಹೆಸರನ್ನು ಎಚ್ಚರದಿಂದ ಬದಲಿಸಿದರೆ ಅರ್ಥ ಬದಲಾಗದು. ಮೊದಲ ಲಿಸ್ಪಿನಲ್ಲಿ ಅದು ಬದಲಾಗಬಲ್ಲುದಾಗಿತ್ತು. ಹೆಸರಿಗೆ ಮಾತ್ರ ಇದು ಲ್ಯಾಂಬ್ಡಾ. ಈ ಕುಂದನ್ನು ಸ್ಕೀಮ್ ಎಂಬ ಉಪಭಾಷೆಯಲ್ಲಿ ಸಸ್‌ಮನ್ ಮತ್ತು ಸ್ಟೀಲ್ ತಿದ್ದಿದ್ದು 1975ರಲ್ಲಿ. ಹೀಗಿದ್ದರೂ ಒಂದು ಭಾಷೆಯ ವ್ಯಾಖ್ಯಾನವನ್ನು ಆ ಭಾಷೆಯಲ್ಲಿಯೇ ಒಂದೆರಡು ಪುಟಗಳಲ್ಲಿ ಬರೆದು ತೋರಿಸಿದ ಪ್ರಬಂಧದ ಸಾಹಸ ಕುಂದುವುದಿಲ್ಲ. ಅದರ ಹಿರಿಮೆ ಬೇರೊಂದು ಕಡೆ ಇದೆ ಎಂಬುದಷ್ಟೇ ನಮ್ಮ ವಾದ.

ಚರ್ಚ್ ಅವರ ಕಲನಕ್ಕೂ ಯಂತ್ರಕ್ಕೂ ನಿಜವಾದ ಸಂಬಂಧವನ್ನು ಬೆಸೆದವರು ಪೀಟರ್ ಲ್ಯಾಂಡಿನ್. 1964ರ ಪ್ರಬಂಧದಲ್ಲಿ ಅವರು ಪದಗಳ ಬೆಲೆ ಕಟ್ಟುವ ಕಾಲ್ಪನಿಕ ಯಂತ್ರವೊಂದನ್ನು ವರ್ಣಿಸಿ, ಫಲನವನ್ನು ಅದು ಹುಟ್ಟಿದ ಪರಿಸರದೊಡನೆ ಕಟ್ಟಿಡಬೇಕೆಂದು ತೋರಿಸಿದರು. ಲಿಸ್ಪಿನ ಕುಂದಿಗೆ ಮದ್ದು ಇಲ್ಲಿಯೇ ಇದ್ದಿತು. 1965ರಲ್ಲಿ ಆಲ್ಗೊಲ್ 60 ಭಾಷೆಯನ್ನು ಲ್ಯಾಂಬ್ಡಾ ಸಂಕೇತದ ಮೂಲಕ ವಿವರಿಸಿದರು. ಮುಂದಿನ 700 ಭಾಷೆಗಳನ್ನು ಕುರಿತ 1966ರ ಪ್ರಬಂಧದಲ್ಲಿ, ಭಾಷೆಗಳ ಭೇದ ಬಹುಪಾಲು ಮೇಲಣ ಸಕ್ಕರೆಯ ಲೇಪವೆಂದೂ ಒಳಗಿನ ಚೌಕಟ್ಟು ಒಂದೇ ಆಗಿರಬಹುದೆಂದೂ ಸೂಚಿಸಿದರು. ನಮ್ಮ ಗ್ರಂಥಮಾಲೆಯಲ್ಲಿ ಅಗ್ರಸ್ಥಾನ ಈ ಬರಹಗಳಿಗೆ ಸಲ್ಲತಕ್ಕದ್ದು.

ಹಾಗೆಂದು ಇವನ್ನೂ ಕಣ್ಣು ಮುಚ್ಚಿ ಒಪ್ಪುವಂತಿಲ್ಲ. ತನಗೆ ಕೊಟ್ಟುದನ್ನು ನೋಡದೆ ಯಾವಾಗಲೂ 1 ಎಂಬ ಉತ್ತರವನ್ನೇ ಕೊಡುವ ಫಲನವನ್ನು ತೆಗೆದುಕೊಳ್ಳೋಣ. ಅದಕ್ಕೆ ಎಂದೂ ಮುಗಿಯದ ಗಣನೆಯೊಂದನ್ನು ಅನ್ವಯಿಸಿದರೆ, ಇಂದು ಬಳಕೆಯಲ್ಲಿರುವ ಲ್ಯಾಂಬ್ಡಾ ಕಲನದ ಪ್ರಕಾರ ಉತ್ತರ 1. ಲ್ಯಾಂಡಿನ್ ಅವರ ಯಂತ್ರವಾದರೋ ಕೊಟ್ಟ ಪದಕ್ಕೆ ಮೊದಲು ಬೆಲೆ ಕಟ್ಟಲು ಹೋಗಿ ಅಲ್ಲಿಯೇ ಸುತ್ತುತ್ತಿರುತ್ತದೆ. ಚರ್ಚ್ ಅವರು ಪ್ರಧಾನವಾಗಿ ಬಳಸಿದ ಪದ್ಧತಿಯಲ್ಲಿ ಇಂಥ ಫಲನಕ್ಕೆ ಅವಕಾಶವೇ ಇರಲಿಲ್ಲ. ಬಂಧಿಸಿದ ಅಕ್ಷರ ಒಳಗೆ ಒಮ್ಮೆಯಾದರೂ ಬರಲೇಬೇಕೆಂಬುದು ಅವರ ನಿಯಮ. ಯಂತ್ರವೂ ಕಲನವೂ ಒಂದೇ ಅಲ್ಲವೆಂಬ ಈ ಅಂಶವನ್ನು ಗಾರ್ಡನ್ ಪ್ಲಾಟ್ಕಿನ್ 1975ರಲ್ಲಿ ಕೂಲಂಕಷವಾಗಿ ವಿಚಾರಿಸಿ, ಮೊದಲು ಬೆಲೆ ಕಟ್ಟುವ ಭಾಷೆಗಳಿಗೆ ತಕ್ಕ ಬೇರೊಂದು ಕಲನವನ್ನೇ ಕೊಟ್ಟರು. ಓದುವ ಪಟ್ಟಿಗಳಲ್ಲಿ ಈ ಪ್ರಬಂಧ ಹಿಂದೆ ಬೀಳುವುದು ವಿಷಾದಕರ.

ಅರ್ಥದ ಪ್ರಶ್ನೆ ಇದಕ್ಕಿಂತ ಆಳವಾದುದು. ಈ ಕಲನದಲ್ಲಿ ಫಲನವನ್ನು ಅದಕ್ಕೇ ಅನ್ವಯಿಸಬಹುದು. ಹಾಗಾದರೆ ವಸ್ತುಗಳ ಗಣವೂ, ಆ ಗಣದ ಮೇಲಣ ಫಲನಗಳ ಗಣವೂ ಒಂದೇ ಆಗಬೇಕಾಗುತ್ತದೆ. ಫಲನಗಳ ಗಣ ಯಾವಾಗಲೂ ದೊಡ್ಡದೆಂಬ ಕ್ಯಾಂಟರ್ ಅವರ ಸಿದ್ಧಾಂತ ಅದಕ್ಕೆ ಅಡ್ಡ ಬರುತ್ತದೆ. ಮೂರು ದಶಕಗಳಿಗೂ ಮಿಗಿಲಾಗಿ ಇಲ್ಲಿ ಶಬ್ದವಿತ್ತು, ಶಬ್ದವನ್ನು ತಿರುವುವ ನಿಯಮವಿತ್ತು, ಅರ್ಥ ಮಾತ್ರ ನಿರ್ಣಯವಾಗಿರಲಿಲ್ಲ. 1969ರಲ್ಲಿ ಡೇನಾ ಸ್ಕಾಟ್ ಅವರು ಈ ಕಾರಣದಿಂದಲೇ ಕಲನವನ್ನು ಆಕ್ಷೇಪಿಸಿ ಒಂದು ಪ್ರಬಂಧ ಬರೆದರು. ಅದೇ ವರ್ಷ, ಎಲ್ಲ ಫಲನಗಳನ್ನೂ ಸೇರಿಸದೆ ಅವಿಚ್ಛಿನ್ನ ಫಲನಗಳನ್ನು ಮಾತ್ರ ಗಣಿಸಿದರೆ ತೊಡಕು ಬಿಡುವುದೆಂದು ತಾವೇ ಕಂಡುಕೊಂಡರು. ಆಕ್ಷೇಪದ ಪ್ರಬಂಧ ಅಚ್ಚಾದದ್ದು 1993ರಲ್ಲಿ. ತನ್ನ ವಾದವನ್ನು ತಾನೇ ಮುರಿದ ವಿದ್ವಾಂಸನ ಇಂಥ ಬರಹ ವಿದ್ಯಾರ್ಥಿಗಳಿಗೆ ಸಿದ್ಧಾಂತದಷ್ಟೇ ಶೀಲವನ್ನೂ ಕಲಿಸಬಲ್ಲುದು.

ಕೊನೆಗೆ ಎರಡು ಪ್ರಸಿದ್ಧ ವಾದಗ್ರಂಥಗಳು. ಫೋರ್ಟ್ರಾನ್ ಭಾಷೆಯ ನಿರ್ಮಾಪಕರ ಮುಂದಾಳಾಗಿದ್ದ ಜಾನ್ ಬ್ಯಾಕಸ್ 1977ರ ಟ್ಯೂರಿಂಗ್ ಪ್ರಶಸ್ತಿಯ ಉಪನ್ಯಾಸದಲ್ಲಿ ತಾವು ಬೆಳೆಸಿದ ಮಾರ್ಗವನ್ನೇ ಖಂಡಿಸಿದರು. ಅದು 1978ರಲ್ಲಿ ಪ್ರಕಟವಾಯಿತು. ಗಣಕ ಮತ್ತು ಸ್ಮೃತಿಕೋಶಗಳ ನಡುವಣ ಇಕ್ಕಟ್ಟಾದ ದಾರಿಯಲ್ಲಿ ಒಂದೊಂದೇ ಪದವನ್ನು ಸಾಗಿಸುವ ಯಂತ್ರದ ದಾರಿದ್ರ್ಯವೇ ನಮ್ಮ ಭಾಷೆಗಳಿಗೂ ಅಂಟಿದೆಯೆಂಬ ನಿದಾನ ಮನಮುಟ್ಟುವಂಥದು. ಆದರೆ ಅವರು ಕೊಟ್ಟ ಔಷಧ ಲ್ಯಾಂಬ್ಡಾ ಕಲನವಲ್ಲ. ಚರಾಕ್ಷರಗಳಿಲ್ಲದೆ, ಫಲನಗಳನ್ನು ಕೂಡಿಸುವ ಕೆಲವೇ ನಿಯತ ರೂಪಗಳಿರುವ ಬೀಜಗಣಿತವೊಂದನ್ನು ಅವರು ಬಯಸಿದರು. ಲ್ಯಾಂಬ್ಡಾ ಪದಗಳ ಅನಿರ್ಬಂಧ ಸ್ವಾತಂತ್ರ್ಯ ಅವ್ಯವಸ್ಥೆಗೆ ದಾರಿಯೆಂದು ಭಾವಿಸಿದರು. ಕುಲದ ವಕೀಲರೆಂದು ನಾವು ಕರೆಯುವವರು ಕುಲಮೂಲವನ್ನೇ ಶಂಕಿಸಿದ್ದರು. ಡೈಕ್‌ಸ್ಟ್ರಾ ಅವರಂಥವರು ಈ ಉಪನ್ಯಾಸವನ್ನು ತೀಕ್ಷ್ಣವಾಗಿ ಟೀಕಿಸಿದುದನ್ನೂ ಜೊತೆಯಲ್ಲಿಟ್ಟು ಓದಬೇಕು.

1989ರಲ್ಲಿ ಅಚ್ಚಾದ ಜಾನ್ ಹ್ಯೂಸ್ ಅವರ ಪ್ರಬಂಧ ಇದಕ್ಕಿಂತ ಸಮಾಧಾನದ ಬರಹ. ಇದರಲ್ಲಿ ಅದಿಲ್ಲ, ಇದಿಲ್ಲ ಎಂದು ಹೊಗಳಿದರೆ ಪ್ರಯೋಜನವೇನು ಎಂಬ ಅವರ ಪ್ರಶ್ನೆ ಯೋಗ್ಯವಾದುದು. ಚಿಕ್ಕ ಚಿಕ್ಕ ಭಾಗಗಳನ್ನು ಬೆಸೆಯುವ ಅಂಟು ಎರಡು ಬಗೆ: ಫಲನಗಳನ್ನೇ ಸ್ವೀಕರಿಸುವ ಫಲನಗಳು, ಬೇಕಾದಾಗ ಮಾತ್ರ ಬೆಲೆ ಕಟ್ಟುವ ಪದ್ಧತಿ. ವರ್ಗಮೂಲ, ಅನುಕಲನ, ಆಟದಲ್ಲಿ ನಡೆಯ ಆಯ್ಕೆ ಮೊದಲಾದ ಉದಾಹರಣೆಗಳು ಸ್ಪಷ್ಟವಾಗಿವೆ. ಎರಡನೆಯ ಅಂಟಿಗೆ ಸ್ಮೃತಿಕೋಶದಲ್ಲಿ ತೆರಬೇಕಾದ ಬೆಲೆಗೆ ಮಾತ್ರ ಪ್ರಬಂಧ ಹೆಚ್ಚು ಸ್ಥಳ ಕೊಟ್ಟಿಲ್ಲ. ಚಿಕ್ಕ ಉದಾಹರಣೆಗಳಲ್ಲಿ ಅದು ಕಾಣುವುದೂ ಇಲ್ಲ.

ಇದರಿಂದ ನಾವು ತಲಪುವ ನಿರ್ಣಯವಿಷ್ಟು. ಈ ಗ್ರಂಥಗಳು ಒಂದೇ ವಂಶದ ತಲೆಮಾರುಗಳಲ್ಲ. ಬೇರೆ ಬೇರೆ ಪ್ರಶ್ನೆಗಳನ್ನು ಹೊತ್ತು ಬಂದ ಪ್ರಯಾಣಿಕರು ಒಂದೇ ಛತ್ರದಲ್ಲಿ ಇಳಿದುಕೊಂಡಂತೆ ಇವು ನಮಗೆ ಒಟ್ಟಾಗಿ ಕಾಣುತ್ತವೆ. ವಾದಗ್ರಂಥಗಳಿಂದ ಆರಂಭಿಸಿದ ವಿದ್ಯಾರ್ಥಿಗೆ ಮೊದಲು ದೊರೆಯುವುದು ಶ್ರದ್ಧೆ, ಜ್ಞಾನವಲ್ಲ. ಆದುದರಿಂದ ಲ್ಯಾಂಡಿನ್ ಅವರಿಂದ ತೊಡಗಿ, ಚರ್ಚ್ ಅವರ 1941ರ ಪುಸ್ತಕಕ್ಕೆ ಹಿಂದಿರುಗಿ, ಪ್ಲಾಟ್ಕಿನ್ ಮತ್ತು ಸ್ಕಾಟ್ ಅವರ ಆಕ್ಷೇಪಗಳನ್ನು ತೂಗಿ ನೋಡಿ, ಆಮೇಲೆ ಮೆಕಾರ್ಥಿ, ಹ್ಯೂಸ್, ಬ್ಯಾಕಸ್ ಅವರನ್ನು ಓದುವುದು ಲೇಸು. ಕಾಲಕ್ರಮ ಇದರಿಂದ ಕೆಡುವುದು ನಿಜ. ಆದರೆ ಪ್ರತಿಯೊಂದು ಬರಹ ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತೆಂಬುದು ಈ ಕ್ರಮದಲ್ಲಿ ತಿಳಿಯುತ್ತದೆ. ಅದು ತಿಳಿಯದೆ ಮೂಲಗ್ರಂಥವನ್ನು ಓದಿದೆವೆಂದು ಹೇಳಿಕೊಳ್ಳುವುದಕ್ಕೆ ನಮಗೆ ಅಧಿಕಾರವಿಲ್ಲ.