ಚೀಟಿಯ ಬೆಲೆ, ಕಲ್ಲಿನ ಬೆಲೆ

ಅಮೆರಿಕದಲ್ಲಿ ಹೊಸ ಪೂಲ್ ಟೇಬಲ್ ಮಾರುವ ಮಳಿಗೆಗಳಲ್ಲಿ ಸಾಮಾನ್ಯವಾಗಿ ಕಾಣುವ ಚೀಟಿಯೊಂದಿದೆ. ಮೇಲೆ ಗೀಟು ಹೊಡೆದ ದೊಡ್ಡ ಬೆಲೆ, ಕೆಳಗೆ ಕೆಂಪು ಅಂಕಿಗಳಲ್ಲಿ ರಿಯಾಯಿತಿ ಬೆಲೆ. ವಿಚಾರಿಸಿದವರಿಗೆ ಮೂರನೆಯ ಬೆಲೆಯೊಂದು ಹೊರಬರುತ್ತದೆ. ಯೋಚಿಸಿ ಬರುತ್ತೇನೆಂದು ಬಾಗಿಲತ್ತ ಹೆಜ್ಜೆ ಹಾಕಿದವರಿಗೆ ನಾಲ್ಕನೆಯದು. ಫಿಲಡೆಲ್ಫಿಯದಲ್ಲಿ ಜಾನ್ ವಾನಮೇಕರ್ 1876ರಲ್ಲಿ ತೆರೆದಂಥ ದೊಡ್ಡ ಅಂಗಡಿಗಳು ಎಲ್ಲರಿಗೂ ಒಂದೇ ಬೆಲೆ ಎಂಬ ಪದ್ಧತಿಯನ್ನು ಆ ದೇಶದಲ್ಲಿ ಬೇರೂರಿಸಿ ಒಂದೂವರೆ ಶತಮಾನವಾಗುತ್ತ ಬಂತು. ಆದರೂ ಕಾರು, ಹಾಸಿಗೆ, ಪಿಯಾನೋ, ಪೂಲ್ ಟೇಬಲ್‌ನಂಥ ಕೆಲವು ಸರಕುಗಳಲ್ಲಿ ಚೌಕಾಸಿ ಉಳಿದುಕೊಂಡಿದೆ. ಚೌಕಾಸಿಯ ಬಗ್ಗೆ ನನಗೆ ತಕರಾರಿಲ್ಲ. ಪೂಲ್ ಟೇಬಲ್‌ನ ವ್ಯಾಪಾರದಲ್ಲಿ ಅದು ನಡೆಯುವ ಜಾಗ ಮಾತ್ರ ತಪ್ಪು.

ಮೊದಲು ಆ ಗೀಟು ಹೊಡೆದ ಅಂಕಿಯನ್ನು ನೋಡೋಣ. ನಮ್ಮ ದೇಶದ ಎಂ.ಆರ್.ಪಿ.ಗೆ ಕಾನೂನಿನ ಬಲವಿದೆ, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳುವಂತಿಲ್ಲ. ಅಮೆರಿಕದ ತಯಾರಕರು ನಮೂದಿಸುವ ಬೆಲೆ ಬರಿಯ ಸಲಹೆ. ಹೊಸ ಕಾರಿನ ಗಾಜಿಗೆ ಬೆಲೆಯ ವಿವರ ಅಂಟಿಸಲೇಬೇಕೆಂದು 1958ರಿಂದ ಅಲ್ಲಿ ಕಾಯ್ದೆಯಿದೆ. ಪೂಲ್ ಟೇಬಲ್‌ಗೆ ಅಂಥದ್ದೇನೂ ಇಲ್ಲ. ಹೀಗಾಗಿ ಎಂದೂ ಯಾರೂ ಕೊಡದ ಬೆಲೆಯನ್ನು ಬರೆದು, ಅದರಲ್ಲಿ ಅರ್ಧ ಕಡಿಮೆ ಎಂದು ಸಾರುವುದು ಸುಲಭ. ಹಿಂದಿನ ಬೆಲೆಯೆಂದು ತೋರಿಸುವ ಅಂಕಿಗೆ ಸಾಕಷ್ಟು ಕಾಲ ಪ್ರಾಮಾಣಿಕವಾಗಿ ಸರಕನ್ನು ಮಾರಾಟಕ್ಕಿಟ್ಟಿರಬೇಕು ಎಂದು ಫೆಡರಲ್ ಟ್ರೇಡ್ ಕಮಿಷನ್‌ನ ಮಾರ್ಗಸೂಚಿ ಹೇಳುತ್ತದೆ. ವರ್ಷವಿಡೀ ರಿಯಾಯಿತಿಯಲ್ಲೇ ಇರುವ ಟೇಬಲ್ ಆ ಮಾತಿಗೆ ಹೊಂದುವುದಿಲ್ಲ. ಇದನ್ನು ನಾನು ವ್ಯಾಪಾರದ ಚಾತುರ್ಯವೆಂದು ಒಪ್ಪಲಾರೆ. ಅದು ಸುಳ್ಳು.

ಇನ್ನೊಂದು ಕಟ್ಟುಪಾಡು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಇಂತಿಷ್ಟಕ್ಕಿಂತ ಕಡಿಮೆ ಬೆಲೆಯನ್ನು ಜಾಹೀರಾತಿನಲ್ಲಿ ತೋರಿಸಕೂಡದು ಎಂದು ಅನೇಕ ತಯಾರಕರು ವಿತರಕರಿಗೆ ಷರತ್ತು ಹಾಕುತ್ತಾರೆ. ಇಷ್ಟಕ್ಕಿಂತ ಕಡಿಮೆಗೆ ಮಾರಕೂಡದೆಂಬ ಒಪ್ಪಂದಗಳನ್ನು ಅಲ್ಲಿನ ಸುಪ್ರೀಂ ಕೋರ್ಟು 1911ರಲ್ಲಿ ಸಾರಾಸಗಟಾಗಿ ಅಕ್ರಮವೆಂದಿತ್ತು. 2007ರಲ್ಲಿ, ಲೀಜಿನ್ ಎಂಬ ಚರ್ಮದ ಸಾಮಾನಿನ ಕಂಪನಿಯ ಪ್ರಕರಣದಲ್ಲಿ, ಆ ನಿಲುವನ್ನು ಸಡಿಲಿಸಿತು. ಜಾಹೀರಾತಿಗಷ್ಟೇ ಮಿತಿಯಿದ್ದಾಗ, ಅಂಗಡಿಯೊಳಗೆ ಬಾಯಿಮಾತಿನಲ್ಲಿ ಕಡಿಮೆ ಮಾಡಲು ಅಡ್ಡಿಯಿಲ್ಲ. ‘ಬೆಲೆಗೆ ಕರೆ ಮಾಡಿ’ ಎಂಬ ಸಾಲಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ನಿಜವಾದ ಬೆಲೆ ಎಲ್ಲೂ ಅಚ್ಚಾಗದಿದ್ದರೆ ಕೊಳ್ಳುವವನು ಎರಡು ಅಂಗಡಿಗಳನ್ನು ಹೋಲಿಸುವುದು ಹೇಗೆ? ಗೀಟು ಹೊಡೆದ ಸುಳ್ಳು ಅಂಕಿಯನ್ನೇ ಹಿಡಿದು, ಯಾರು ಹೆಚ್ಚು ಶೇಕಡ ಬಿಟ್ಟರು ಎಂದು ಎಣಿಸುತ್ತಾನೆ.

ಪೂಲ್ ಟೇಬಲ್ ಎಂದರೆ ಮುಖ್ಯವಾಗಿ ಕಲ್ಲು. ಹಸಿರು ಬಟ್ಟೆಯ ಕೆಳಗೆ ಸ್ಲೇಟು ಕಲ್ಲಿನ ಹಾಸಿರುತ್ತದೆ. ಮನೆಗೆ ಕೊಳ್ಳುವ 8 ಅಡಿಯ ಟೇಬಲ್‌ನಲ್ಲಿ ಅದು ಸಾಮಾನ್ಯವಾಗಿ ಮೂರು ತುಂಡು. ಒಳ್ಳೆಯವುಗಳಲ್ಲಿ 1 ಅಂಗುಲ ದಪ್ಪ, ಅಗ್ಗದವುಗಳಲ್ಲಿ ಮುಕ್ಕಾಲು. ಇಟಲಿ, ಬ್ರೆಜಿಲ್, ಚೀನಾಗಳಿಂದ ಬರುವ ಈ ಕಲ್ಲಿನಿಂದಾಗಿ ಟೇಬಲ್‌ನ ತೂಕ 400 ಕಿಲೋದ ಆಸುಪಾಸಿಗೆ ಹೋಗುತ್ತದೆ. ಅಂಗಡಿಯಲ್ಲಿ ಮೆಚ್ಚಿದ ಟೇಬಲ್ ಅಂಗಡಿಯಲ್ಲಿದ್ದ ಹಾಗೆಯೇ ಮನೆಗೆ ಬರುವುದಿಲ್ಲ. ಬಿಡಿಬಿಡಿಯಾಗಿ ಬಂದದ್ದನ್ನು ಕೆಲಸಗಾರರು ಕೂಡಿಸುತ್ತಾರೆ: ಚೌಕಟ್ಟಿನ ಮೇಲೆ ಮೂರು ಕಲ್ಲುಗಳನ್ನಿಟ್ಟು, ರಸಮಟ್ಟ ಹಿಡಿದು, ತೆಳ್ಳನೆಯ ಬೆಣೆಗಳನ್ನು ತೂರಿಸಿ ಮಟ್ಟ ಮಾಡುತ್ತಾರೆ, ಸಂದುಗಳಿಗೆ ಜೇನುಮೇಣ ತುಂಬಿ ಕೆರೆದು ನುಣುಪಾಗಿಸುತ್ತಾರೆ, ಆಮೇಲೆ ಬಟ್ಟೆಯನ್ನು ಸಮನಾಗಿ ಎಳೆದು ಕಟ್ಟುತ್ತಾರೆ. ಈ ಕೆಲಸ ಕೆಟ್ಟರೆ ಎಂಥ ಹೆಸರಾಂತ ಟೇಬಲ್ ಆದರೂ ನಿಧಾನಕ್ಕೆ ಹೋಗುವ ಚೆಂಡು ಒಂದು ಮೂಲೆಗೆ ವಾಲುತ್ತದೆ. ಕೆಲಸ ಚೆನ್ನಾಗಿದ್ದರೆ ಸಾಧಾರಣ ಟೇಬಲ್ ಕೂಡ ವರ್ಷಗಟ್ಟಲೆ ನಿಷ್ಠೆಯಿಂದ ಆಡಿಸುತ್ತದೆ. ಜಮಖಾನೆ ಹಾಸಿದ ನೆಲದಲ್ಲಾದರೆ ಕೆಲವು ವಾರಗಳಲ್ಲಿ ಕಾಲುಗಳು ತಗ್ಗಿ, ಮತ್ತೊಮ್ಮೆ ಮಟ್ಟ ನೋಡಬೇಕಾಗಬಹುದು.

ಈಗ ಚೌಕಾಸಿಗೆ ಬನ್ನಿ. ಚೀಟಿಯ ಬೆಲೆಯಲ್ಲಿ ಇನ್ನೂ 300 ಡಾಲರ್ ಬಿಡಿ ಎಂದು ಗಿರಾಕಿ ಪಟ್ಟು ಹಿಡಿಯುತ್ತಾನೆ. ವಿತರಕ ಬಿಡುತ್ತಾನೆ. ಆ ಹಣ ಎಲ್ಲಿಂದ ಬಂತು? ತಯಾರಕನಿಗೆ ಕೊಡಬೇಕಾದದ್ದು ಕೊಟ್ಟಾಗಿದೆ, ಮಳಿಗೆಯ ಬಾಡಿಗೆ ಇಳಿಯುವುದಿಲ್ಲ. ತನ್ನ ಲಾಭದಿಂದ ಬಿಟ್ಟರೆ ಸಂತೋಷ. ಬಿಡಲಾಗದವನಿಗೆ ಕೈ ಹಾಕಲು ಎರಡು ಜಾಗಗಳಿವೆ, ಬಟ್ಟೆ ಮತ್ತು ಜೋಡಣೆ. ಬೆಲ್ಜಿಯಂನ ಸಿಮೋನಿಸ್‌ನಂಥ ನುಣುಪು ವರ್ಸ್ಟೆಡ್ ಬಟ್ಟೆಯ ಬದಲು ಬೇಗ ಜುಂಗೆದ್ದು ಚೆಂಡಿನ ಓಟವನ್ನು ನಿಧಾನಿಸುವ ಸಾದಾ ಬಟ್ಟೆ ಬರುತ್ತದೆ. ಅನುಭವಿ ಕೆಲಸಗಾರನ ಬದಲು, ಒಂದೇ ದಿನದಲ್ಲಿ ಹಲವು ಮನೆ ಮುಗಿಸಬೇಕಾದ ಅವಸರದ ತಂಡ ಬರುತ್ತದೆ. ಇದರ ಜೊತೆಗೆ ಕೊಸರಿನಂತೆ ನಾಲ್ಕು ಕ್ಯೂ ಕೋಲು, ಒಂದು ಗೋಡೆ ಗೂಡು, ಚೆಂಡಿನ ಸೆಟ್ಟು. ಉಚಿತ ಕೋಲು ಡೊಂಕಿದ್ದರೆ ಬೇರೆ ಕೊಳ್ಳಬಹುದು. ಕಲ್ಲನ್ನು ತಪ್ಪಾಗಿ ಕೂಡಿಸಿದ್ದರೆ ಮತ್ತೆ ಕಳಚಿ ಕೂಡಿಸಲು ಕೊಡಬೇಕಾದ ಕೂಲಿ, ಉಳಿಸಿದ 300 ಡಾಲರನ್ನು ನುಂಗಿಬಿಡಬಲ್ಲದು.

ವಿತರಕನ ಪಾಲನ್ನು ನಾನು ಅನ್ಯಾಯವೆನ್ನುವುದಿಲ್ಲ. ನಾಲ್ಕೈದು ಸಾವಿರ ಡಾಲರಿನ ಒಂದು ಟೇಬಲ್ ಮಾರಿದರೆ, ಆ ಗಿರಾಕಿ ಬಹುಶಃ ಜನ್ಮದಲ್ಲಿ ಇನ್ನೊಂದನ್ನು ಕೊಳ್ಳುವುದಿಲ್ಲ. ಹತ್ತಾರು ಟೇಬಲ್ ಹರಡಿಡಲು ಜಾಗ ಬೇಕು, ಕಲ್ಲು ಹೊರಬಲ್ಲ ಆಳುಗಳು ಬೇಕು. ಅವನ ಮಳಿಗೆಯಲ್ಲಿ ಗಂಟೆಗಟ್ಟಲೆ ಆಡಿ ನೋಡಿ, ತಿಳಿದುಕೊಳ್ಳುವುದನ್ನೆಲ್ಲ ತಿಳಿದುಕೊಂಡು, ಆನ್‌ಲೈನಿನಲ್ಲಿ ತರಿಸಿಕೊಳ್ಳುವ ಗಿರಾಕಿಯೂ ಸರಿಯಾಗಿ ನಡೆದುಕೊಂಡಂತಲ್ಲ. ಲಾಭ ಇರಲಿ, ಅದು ಕಾಣುವ ಹಾಗೆ ಇರಲಿ ಎಂಬುದಷ್ಟೇ ನನ್ನ ಬೇಡಿಕೆ.

ಕಾಣದ ಬೆಲೆಯಿಂದ ಆಗುವ ದೊಡ್ಡ ಕೇಡು ಬೇರೆಯೇ ಇದೆ. ಇಯಾನ್ ಏರ್ಸ್ ಮತ್ತು ಪೀಟರ್ ಸೀಗಲ್‌ಮನ್ 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಶಿಕಾಗೊ ಪ್ರದೇಶದ ಕಾರು ಅಂಗಡಿಗಳಿಗೆ ತರಬೇತಿ ಪಡೆದವರು ಹೋಗಿ, ಒಂದೇ ಬಗೆಯ ಮಾತುಗಳಲ್ಲಿ ಬೆಲೆ ಕೇಳಿದರು. ಬಿಳಿಯ ಗಂಡಸರಿಗೆ ಹೇಳಿದ ಬೆಲೆಗಿಂತ ಕಪ್ಪು ಜನರಿಗೂ ಹೆಂಗಸರಿಗೂ ಹೇಳಿದ್ದು ಹೆಚ್ಚಿತ್ತು. ಅದು ಕಾರಿನ ಅಧ್ಯಯನ, ನಿಜ. ಆದರೆ ಬೆಲೆ ಮುಖ ನೋಡಿ ಹುಟ್ಟುವ ಯಾವ ಅಂಗಡಿಯಲ್ಲೂ ಇದೇ ಅಪಾಯ ಇದ್ದೇ ಇರುತ್ತದೆ. ಟೆಕ್ಸಸ್ಸಿನಲ್ಲೋ ನ್ಯೂಜೆರ್ಸಿಯಲ್ಲೋ ಮನೆ ಮಾಡಿ, ಮಕ್ಕಳಿಗೆಂದು ಟೇಬಲ್ ಹುಡುಕುವ ನಮ್ಮವರು ಗಾಂಧಿ ಬಜಾರಿನ ಚೌಕಾಸಿಯ ಅನುಭವವನ್ನು ನೆಚ್ಚಿಕೊಂಡು ಹೋಗುತ್ತಾರೆ. ಅಲ್ಲಿ ಪಕ್ಕದ ಬುಟ್ಟಿಯ ಬೆಲೆ ಕಿವಿಗೆ ಬೀಳುತ್ತದೆ, ವಾರಕ್ಕೆರಡು ಸಲ ಕೊಳ್ಳುವವರಿಗೆ ದರ ಗೊತ್ತಿರುತ್ತದೆ. ಜೀವಮಾನಕ್ಕೊಮ್ಮೆ ಕೊಳ್ಳುವ ಸರಕಿನಲ್ಲಿ ಆ ಬಲ ಪೂರ್ತಿ ಮಾರುವವನ ಕಡೆಗಿರುತ್ತದೆ.

ಹಾಗಾಗಿ ರಿಯಾಯಿತಿಯ ಶೇಕಡವನ್ನು ಬದಿಗಿಟ್ಟು, ಬರೆದುಕೊಡಿ ಎಂದು ಕೇಳುವುದೇ ಸರಿಯಾದ ಚೌಕಾಸಿ. ಕಲ್ಲಿನ ದಪ್ಪ, ಬಟ್ಟೆಯ ಹೆಸರು, ಕುಶನ್ನಿನ ರಬ್ಬರು ಯಾವುದು, ಸಾಗಣೆ, ಮೆಟ್ಟಿಲಿಳಿಸಲು ಬೇರೆ ಕೂಲಿ ಇದೆಯೇ, ಜೋಡಿಸುವವರು ಅಂಗಡಿಯವರೋ ಹೊರಗುತ್ತಿಗೆಯವರೋ, ಮತ್ತೆ ಮಟ್ಟ ನೋಡಲು ಬರುತ್ತಾರೋ, ಮಾರಾಟ ತೆರಿಗೆ ಸೇರಿ ಒಟ್ಟೆಷ್ಟು. ಇಷ್ಟನ್ನೂ ಒಂದು ಹಾಳೆಯಲ್ಲಿ ಹಿಂಜರಿಯದೆ ಬರೆದುಕೊಡುವ ವಿತರಕ, ಎದುರಿನ ಮಳಿಗೆಯವನಿಗಿಂತ 200 ಡಾಲರ್ ಹೆಚ್ಚು ಕೇಳಿದರೂ ನಾನು ಅವನಲ್ಲೇ ಕೊಳ್ಳುತ್ತೇನೆ.