ಆನೆ ಗುರುತಿನ ಬಿಯರು

ಥಾಯ್ ಭಾಷೆಯಲ್ಲಿ ‘ಚಾಂಗ್’ ಎಂದರೆ ಆನೆ. ಹಸಿರು ಬಾಟಲಿಯ ಚೀಟಿಯ ಮೇಲೆ ಎರಡು ಆನೆಗಳು ಎದುರುಬದುರಾಗಿ ನಿಂತಿವೆ, ನಡುವೆ ಒಂದು ಕಾರಂಜಿ. ದೇವಸ್ಥಾನದ ಬಾಗಿಲವಾಡದಲ್ಲಿ ಗಜಲಕ್ಷ್ಮಿಯನ್ನು ನೋಡಿ ಬೆಳೆದ ನನ್ನಂಥವಳ ಕಣ್ಣಿಗೆ, ಆನೆಗಳನ್ನು ಅಲ್ಲೇ ಬಿಟ್ಟು ಲಕ್ಷ್ಮಿ ಮಾತ್ರ ಎದ್ದು ಎಲ್ಲಿಗೋ ಹೋದಂತೆ ಕಾಣುತ್ತದೆ. ಆಕೆ ಹೋದದ್ದು ಎಲ್ಲಿಗೆ ಎಂಬುದು ಊಹಿಸಲಾರದ ಸಂಗತಿಯೇನಲ್ಲ. ಬೀದಿ ವ್ಯಾಪಾರಿಯ ಮಗನಾಗಿ ಹುಟ್ಟಿದ ಚರೋನ್ ಸಿರಿವಧನಭಕ್ತಿ ಎಂಬವರು 1995ರಲ್ಲಿ ಈ ಬಿಯರನ್ನು ಪೇಟೆಗೆ ತಂದರು. ಇಂದು ಅವರು ಥಾಯ್ಲೆಂಡಿನ ಅತಿ ಶ್ರೀಮಂತರಲ್ಲಿ ಒಬ್ಬರು.

ಹೈಸ್ಕೂಲಿನ ಕನ್ನಡ ಟೀಚರೊಬ್ಬಳು ಬಿಯರಿನ ರುಚಿಯ ಬಗ್ಗೆ ಬರೆಯುವುದೇ ಎಂದು ಹುಬ್ಬೇರಿಸುವವರು ಇರಬಹುದು. ಇರಲಿ. ರಾಜರತ್ನಂ ಅವರು ಒಂದು ತೊಟ್ಟೂ ಕುಡಿಯದೆ ‘ರತ್ನನ ಪದಗಳು’ ಬರೆದರಂತೆ, ಅದನ್ನು ನಾವು ಮೆಚ್ಚಿ ಹಾಡಿದೆವು. ಆದರೆ ಒಟ್ಟಿನಲ್ಲಿ ನೋಡಿದರೆ ನಮ್ಮಲ್ಲಿ ಕುಡಿತ ಒಂದೋ ಪಾಪ, ಇಲ್ಲವೇ ಮೋಜು. ನಾಲಿಗೆಗೆ ಅದು ಹೇಗಿತ್ತು ಎಂದು ಸುಮ್ಮನೆ ಹೇಳುವವರು ಕಡಿಮೆ. ಹೆಂಗಸರ ಮಾತಂತೂ ಕೇಳುವುದೇ ಬೇಡ. ಕುಡಿತದ ಫಲ ಉಣ್ಣುವವರು ನಾವು, ರುಚಿಯ ಮಾತು ಮಾತ್ರ ಗಂಡಸರದು. ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಹೇಳಲು ಯಾರ ಅಪ್ಪಣೆಯನ್ನೂ ಕೇಳದ ನಾಲಿಗೆ ಇದಕ್ಕೂ ಸಾಕು ಎಂದುಕೊಂಡು ಈ ವಿಮರ್ಶೆಗೆ ಕೂತಿದ್ದೇನೆ.

ಮಗಳಿಗೆ ಬ್ಯಾಂಕಾಕಿನಲ್ಲಿ ಕೆಲಸ. ಬೇಸಗೆ ರಜೆಯಲ್ಲಿ ಮೂರು ವಾರ ಅವಳ ಜೊತೆಗಿದ್ದೆ. “ಅಮ್ಮಾ, ರುಚಿ ನೋಡುವುದಾದರೆ ಒಳ್ಳೆಯದನ್ನೇ ತರಿಸುತ್ತೇನೆ” ಎಂದಳು. ಒಳ್ಳೆಯದು ನನಗೆ ಬೇಕಿರಲಿಲ್ಲ. ದುಬಾರಿ ವೈನಿನ ಬಗ್ಗೆ ಬರೆಯಲು ಲೋಕದಲ್ಲಿ ಬೇಕಾದಷ್ಟು ಜನರಿದ್ದಾರೆ. ಊರೆಲ್ಲ ಕುಡಿಯುವುದನ್ನು ಯಾರೂ ಗಮನವಿಟ್ಟು ಕುಡಿಯುವುದಿಲ್ಲ. ಮೂಲೆಯ ಅಂಗಡಿಯಲ್ಲಿ ಸಿಗುವ, ಕೂಲಿಯವರೂ ಕೊಳ್ಳುವ ಆನೆ ಗುರುತಿನದ್ದನ್ನೇ ತರಲು ಹೇಳಿದೆ.

ಮೊದಲ ಸಲ ಬೇಕೆಂದೇ ಬರಿ ಬಾಯಿಯಲ್ಲಿ ಕುಡಿದು ನೋಡಿದೆ. ಫ್ರಿಜ್ಜಿನಿಂದ ತೆಗೆದ ಸಣ್ಣ ಬಾಟಲಿ, ತೊಳೆದು ಒರಸಿದ ಗಾಜಿನ ಲೋಟ, ಕುರುಕಲು ಏನೂ ಇಲ್ಲ. ಬಣ್ಣ ಒಣಹುಲ್ಲಿನದು, ಕನ್ನಡಿಯಷ್ಟು ತಿಳಿ. ನೊರೆ ಬುಸ್ಸೆಂದು ಎದ್ದು, ಎದ್ದಷ್ಟೇ ಬೇಗ ಇಳಿಯಿತು. ಮೂಗಿಗೆ ಬಂದದ್ದು ಬೇಯಿಸಿದ ಜೋಳದ ವಾಸನೆ, ಅದರ ಹಿಂದೆ ನೆನೆಸಿಟ್ಟ ಅವಲಕ್ಕಿಯಂಥದ್ದೇನೋ. ಬಾಯಿಗೆ ಮೊದಲು ಸಣ್ಣ ಸಿಹಿ, ಆಮೇಲೆ ಸೋಡಾದ ಚುರುಕು, ಕೊನೆಗೆ ಕಹಿಯ ನೆರಳು. ಮೆಂತ್ಯ ಹಾಕಿದ ದೋಸೆಯಲ್ಲಿ ಇದಕ್ಕಿಂತ ಹೆಚ್ಚು ಕಹಿ ಇರುತ್ತದೆ. ನುಂಗಿದ ಮೇಲೆ ನೆನಪಿಡಲು ಏನೂ ಉಳಿಯುವುದಿಲ್ಲ.

ಆ ಸಿಹಿ ಮಾತ್ರ ಪರಿಚಯದ್ದು. ಯೋಚಿಸಿದಾಗ ಹೊಳೆಯಿತು, ಅದು ರಾಗಿ ಮಾಲ್ಟಿನ ಸಿಹಿ! ಮಾಲ್ಟ್ ಎಂದರೆ ಬೇರೇನಲ್ಲ, ಮೊಳಕೆ ಬರಿಸಿ ಒಣಗಿಸಿದ ಧಾನ್ಯ. ನಾವು ಬಾಣಂತಿಯರಿಗೆ, ಮಕ್ಕಳಿಗೆ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ ಹುರಿಯುತ್ತೇವಲ್ಲ, ಬಿಯರಿನವರು ಬಾರ್ಲಿಗೆ ಮಾಡುವುದೂ ಅದನ್ನೇ. ಮೊಳಕೆಯೊಡೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ, ಯೀಸ್ಟ್ ಆ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ. ಲಾಗರ್ ಎಂಬ ಜಾತಿಯ ಬಿಯರನ್ನು ತಂಪಿನಲ್ಲಿ ಹುದುಗು ಬರಿಸಿ, ಮತ್ತೆ ವಾರಗಟ್ಟಲೆ ತಂಪಿನಲ್ಲೇ ಇಡುತ್ತಾರೆ. ಹೆಸರು ಬಂದದ್ದೇ ‘ಕೂಡಿಡು’ ಎಂಬರ್ಥದ ಜರ್ಮನ್ ಪದದಿಂದ. ಕಹಿ ಬರುವುದು ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ. ಚಾಂಗ್‌ನಲ್ಲಿ ಬಾರ್ಲಿಯ ಜೊತೆಗೆ ಅಕ್ಕಿಯೂ ಇದೆ. ಅಕ್ಕಿಯಿಂದ ಅಮಲಿಗೆ ಬೇಕಾದ ಪಿಷ್ಟ ಸಿಗುತ್ತದೆ, ರುಚಿ ಸಿಗುವುದಿಲ್ಲ. ಬಿಯರು ತೆಳುವಾಗುವುದು, ಹಗುರಾಗುವುದು ಇದರಿಂದ. ಅನ್ನ ಬೆಳೆಯುವ ನಾಡಿನಲ್ಲಿ ಇದು ಸಹಜವೆಂದು ಒಪ್ಪಬಹುದು.

ಒಪ್ಪಲಾಗದ್ದು ಹಸಿರು ಬಾಟಲಿ. ಹಿಂದೆ ಚಾಂಗ್ ಕಂದು ಬಾಟಲಿಯಲ್ಲಿ ಬರುತ್ತಿತ್ತು. 2015ರಲ್ಲಿ ಕಂಪೆನಿಯವರು ಮೂರು ಬಗೆಯ ಚಾಂಗ್‌ಗಳನ್ನು ಒಂದೇ ಮಾಡಿ, ಚೆಂದಕ್ಕೆಂದು ಹಸಿರಿಗೆ ಬದಲಾಯಿಸಿದರು. ಬಿಯರಿಗೆ ಬೆಳಕು ಶತ್ರು. ಹಾಪ್ಸ್‌ನ ಕಹಿಯ ಅಂಶ ಬೆಳಕಿಗೆ ಒಡೆದು ಗಂಧಕದ ಕೆಟ್ಟ ವಾಸನೆಯಾಗುತ್ತದೆ. ಕಂದು ಗಾಜು ಅದನ್ನು ಬಹುಮಟ್ಟಿಗೆ ತಡೆಯುತ್ತದೆ, ಹಸಿರು ತಡೆಯುವುದಿಲ್ಲ. ಬಿಸಿಲಿಗೆ ಮುಖಮಾಡಿದ ಅಂಗಡಿಯಿಂದ ತಂದ ಎರಡನೆಯ ಬಾಟಲಿಯನ್ನು ತೆರೆದಾಗ ಮಗಳು ಮೂಗು ಮುಚ್ಚಿಕೊಂಡಳು. ಹಾಕಿಕೊಳ್ಳುವ ಸೀರೆಯ ಚೆಂದಕ್ಕೆ ಒಳಗಿನ ಜೀವವನ್ನೇ ಬಲಿಕೊಡುವುದು ಬಾಟಲಿಗಳಲ್ಲೂ ಉಂಟು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಸಪ್ಪೆ ಬಿಯರು ಎಂದು ಒಂದು ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ಕುಚ್ಚಲಕ್ಕಿ ಗಂಜಿಯನ್ನು ಉಪ್ಪಿನಕಾಯಿಯಿಲ್ಲದೆ ಒಂದು ಬಟ್ಟಲಿಗೆ ಹಾಕಿಕೊಟ್ಟು, ಇದರಲ್ಲಿ ರುಚಿಯೇನಿದೆ ಹೇಳಿ ಎಂದರೆ ನೀವು ಏನು ಹೇಳುತ್ತೀರಿ? ಅದನ್ನು ಅದರ ಬಳಗದ ನಡುವೆ ಕೂರಿಸಿ ನೋಡಬೇಕು.

ಹಾಗೆ ನೋಡಲೆಂದೇ ಮಗಳ ಮನೆಯ ಗಲ್ಲಿಯ ತುದಿಯ ಗಾಡಿಗೆ ಹೋದೆವು. ಪ್ಲಾಸ್ಟಿಕ್ ಸ್ಟೂಲುಗಳು, ತಗಡಿನ ಮೇಜು. ಅಂಗಡಿಯಾಕೆ ನನ್ನ ಪ್ರಾಯದವಳೇ. ಮಣ್ಣಿನ ಒರಳಿನಲ್ಲಿ ಹಸಿಮೆಣಸು, ಬೆಳ್ಳುಳ್ಳಿ ಜಜ್ಜಿ, ತಾಳೆಬೆಲ್ಲ, ಲಿಂಬೆರಸ, ಮೀನಿನ ರಸ ಹಾಕಿ, ಎಳೆಎಳೆಯಾಗಿ ಹೆರೆದ ಪಪ್ಪಾಯಿಕಾಯಿಯನ್ನು ಟಕ್ ಟಕ್ ಎಂದು ಕುಟ್ಟಿ ಕೊಟ್ಟಳು. ಇದು ಸೋಮ್ ತಾಮ್. ನಾವು ಪಪ್ಪಾಯಿಕಾಯಿಗೆ ತೆಂಗಿನತುರಿ ಹಾಕಿ ಸಾಧುವಾದ ಪಲ್ಯ ಮಾಡುತ್ತೇವೆ. ಅದೇ ಕಾಯಿ ಇಲ್ಲಿ ರೌದ್ರಾವತಾರ ತಾಳಿದೆ. ಜೊತೆಗೆ ಕೆಂಡದ ಮೇಲೆ ಸುಟ್ಟ ಕೋಳಿ, ಬಿದಿರ ಬುಟ್ಟಿಯಲ್ಲಿ ಅಂಟು ಅನ್ನ. ಎರಡು ತುತ್ತಿಗೆ ಕಿವಿಯಿಂದ ಹೊಗೆ ಬಂತು ಎನ್ನಿ. ಆಗ ದೊಡ್ಡ ಬಾಟಲಿಯ ಚಾಂಗ್ ಬಂತು, ಮಂಜುಗಡ್ಡೆ ತುಂಬಿದ ಲೋಟಗಳ ಜೊತೆ.

ಬಿಯರಿಗೆ ಮಂಜುಗಡ್ಡೆ ಹಾಕುವ ಥಾಯ್ ಪದ್ಧತಿಯನ್ನು ನೋಡಿ ಹೊರಗಿನಿಂದ ಬಂದ ಬಿಯರು ಪಂಡಿತರು ನಗುತ್ತಾರೆ, ನೀರು ಬೆರೆಸಿ ಕೆಡಿಸುತ್ತಾರೆ ಎನ್ನುತ್ತಾರೆ. ಏಪ್ರಿಲ್ ತಿಂಗಳ ಸೆಖೆಯಲ್ಲಿ ಆ ಸ್ಟೂಲಿನ ಮೇಲೆ ಕೂತು ಅವರು ಸೋಮ್ ತಾಮ್ ತಿನ್ನಬೇಕು. ಖಾರಕ್ಕೆ ಉರಿಯುವ ನಾಲಿಗೆಯ ಮೇಲೆ ಆ ಸಣ್ಣ ಸಿಹಿ ಬಂದು ಕೂತಾಗ, ಬರಿ ಬಾಯಿಯಲ್ಲಿ ಬೇಡವೆನಿಸಿದ್ದ ಜೋಳದ ವಾಸನೆ ಸುಟ್ಟ ಕೋಳಿಯ ಹೊಗೆಯೊಂದಿಗೆ ಸೇರಿಕೊಂಡಿತು. ಲಿಂಬೆಯ ಹುಳಿಗೆ ಸೋಡಾದ ಚುರುಕು ಜೊತೆಯಾಯಿತು. ಕಹಿ ಹೆಚ್ಚಿದ್ದರೆ ಮೆಣಸಿನೊಂದಿಗೆ ಜಗಳಕ್ಕೆ ನಿಲ್ಲುತ್ತಿತ್ತು. ಸಿಂಹದ ಗುರುತಿನ ಸಿಂಘಾ ಇದೆಯಲ್ಲ, 1933ರಲ್ಲಿ ಶುರುವಾದ ಬೂನ್ ರಾಡ್ ಕಾರ್ಖಾನೆಯದು, ಅದರಲ್ಲಿ ಈ ಜಗಳ ಉಂಟು. ಬರಿ ಲೋಟದಲ್ಲಿ ಅದು ಚಾಂಗ್‌ಗಿಂತ ಎಷ್ಟೋ ಮೇಲು, ಬೆಲೆಯೂ ಮೇಲು. ಊಟದ ಜೊತೆಗೆ ಅದು ತನ್ನ ಮಾತೇ ನಡೆಯಬೇಕೆನ್ನುವ ನೆಂಟನಂತೆ. ಅದೇ ಮನೆಯ ಅಗ್ಗದ ಮಗ ಲಿಯೋ ಇವೆರಡರ ನಡುವಿನದು, ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಹಾಗಂತ ಚಾಂಗ್‌ಗೆ ಪೂರ್ತಿ ಅಂಕ ಕೊಡಲಾರೆ. ಸೌಮ್ಯ ಬೇರೆ, ಸಪ್ಪೆ ಬೇರೆ. ದೇಶದೊಳಗೆ ಮಾರುವ ಹಳೆಯ ಚಾಂಗ್‌ನಲ್ಲಿ ಮದ್ಯಸಾರ ಶೇಕಡಾ 6.4 ಇತ್ತು, ಮಂಜುಗಡ್ಡೆ ಕರಗಿದರೂ ಏನೋ ಉಳಿಯುತ್ತಿದ್ದಿರಬೇಕು. 2015ರ ನಂತರದ್ದು ಶೇಕಡಾ 5. ಖಾರ ಇಳಿದು ಎರಡನೆಯ ಲೋಟದ ಅರ್ಧಕ್ಕೆ ಬರುವಾಗ ಕೈಯಲ್ಲಿರುವುದು ಬಿಯರಿನ ನೆನಪು ಮಾತ್ರ. ತಲೆಯ ದೃಷ್ಟಿಯಿಂದ ಒಳ್ಳೆಯದೇ, ರುಚಿಯ ದೃಷ್ಟಿಯಿಂದ ಅಲ್ಲ.

ರುಚಿಯ ಆಚೆ ಇನ್ನೊಂದು ವಿಷಯವಿದೆ, ಟೀಚರಾದವಳಿಗೆ ಅದನ್ನು ಬಿಡಲಾಗುವುದಿಲ್ಲ. ಬೌದ್ಧರ ಪಂಚಶೀಲದಲ್ಲಿ ಐದನೆಯದು ಅಮಲು ಪದಾರ್ಥ ಬೇಡವೆಂಬುದು. 2005ರಲ್ಲಿ ಈ ಕಂಪೆನಿ ಬ್ಯಾಂಕಾಕಿನ ಷೇರುಪೇಟೆಗೆ ಕಾಲಿಡಲು ಹೊರಟಾಗ, ನಗರದ ಮಾಜಿ ಗವರ್ನರ್ ಚಾಮ್ಲೋಂಗ್ ಶ್ರೀಮುವಾಂಗ್ ಮುಂದಾಳಾಗಿ ಭಿಕ್ಷುಗಳೂ ಗೃಹಸ್ಥರೂ ಬೀದಿಗಿಳಿದರು. ಕಂಪೆನಿ 2006ರಲ್ಲಿ ಸಿಂಗಪುರದ ಷೇರುಪೇಟೆಗೆ ಹೋಯಿತು. 2008ರಲ್ಲಿ ಮದ್ಯದ ಜಾಹೀರಾತಿಗೆ ಬಿಗಿಯಾದ ಕಾಯಿದೆ ಬಂತು. ಆದರೂ ಆನೆ ಮಾಯವಾಗಲಿಲ್ಲ. ಅದೇ ಹೆಸರಿನ ಕುಡಿಯುವ ನೀರು, ಅದೇ ಹೆಸರಿನ ಸೋಡಾ ಇವೆಯಲ್ಲ, ಆನೆ ಅವುಗಳ ಮೇಲೆ ನಿಂತಿತು. ಇಂಗ್ಲೆಂಡಿನ ಎವರ್ಟನ್ ಫುಟ್ಬಾಲ್ ತಂಡದ ಅಂಗಿಯ ಎದೆಯ ಮೇಲಂತೂ 2004ರಿಂದ 2017ರವರೆಗೆ ಮೆರೆಯಿತು. ನಮ್ಮ ದೇಶದಲ್ಲೂ ಮದ್ಯದ ಹೆಸರಿನ ಸೋಡಾ, ಸಂಗೀತದ ಸಿ.ಡಿ. ಜಾಹೀರಾತುಗಳನ್ನು ಟಿ.ವಿ.ಯಲ್ಲಿ ನೋಡಿದವರಿಗೆ ಈ ಉಪಾಯ ವಿವರಿಸಬೇಕಿಲ್ಲ. ಹೆಸರು ಯಾತರದೆಂದು ತರಗತಿಯ ಹುಡುಗರಿಗೂ ಗೊತ್ತಿರುತ್ತಿತ್ತು.

ಅಗ್ಗ ಎಂಬ ಮಾತಿನ ಲೆಕ್ಕವೂ ಒಂದಿದೆ. ನಾವು ದೊಡ್ಡ ಬಾಟಲಿಗೆ ಅಂಗಡಿಯಲ್ಲಿ ಕೊಟ್ಟದ್ದು 65 ಬಾತ್. (ಈ ಬಾತ್ ಎಂಬ ಹಣದ ಹೆಸರಿಗೆ ಮೊದಲ ವಾರವೆಲ್ಲ ನನಗೆ ಹಸಿವಾಗುತ್ತಿತ್ತು.) ಪ್ರವಾಸಿಗೆ ಅದು ಚಿಲ್ಲರೆ ಕಾಸು. ಬ್ಯಾಂಕಾಕಿನಲ್ಲಿ 2025ರ ಜುಲೈಯಲ್ಲಿ ಗೊತ್ತುಪಡಿಸಿದ ಕನಿಷ್ಠ ದಿನಗೂಲಿ 400 ಬಾತ್. ಅಂದರೆ ಒಂದು ಬಾಟಲಿಗೆ ಕೂಲಿಯ ಆರರಲ್ಲೊಂದು ಪಾಲು ಹೋಗುತ್ತದೆ. ನಮ್ಮಲ್ಲಿ 2007ರ ಜುಲೈಯಲ್ಲಿ ಸಾರಾಯಿ ನಿಂತಿತು. ನಿಂತ ಮೇಲೂ ನನ್ನ ಶಾಲೆಯ ಕೆಲವು ಮಕ್ಕಳ ಮನೆಗಳಲ್ಲಿ ಬದಲಾದದ್ದು ಅಂಗಡಿ ಮಾತ್ರ. ನೋಟ್‌ಬುಕ್ಕಿಗೆ ದುಡ್ಡಿಲ್ಲವೆಂದು ತಲೆತಗ್ಗಿಸಿ ನಿಂತ ಹುಡುಗಿಯರನ್ನು ನೋಡಿದವಳಿಗೆ, ಲೋಟ ಎತ್ತಿದಾಗ ಈ ಭಾಗಾಕಾರ ತಾನಾಗಿ ಬರುತ್ತದೆ, ಬೇಡವೆಂದರೂ ಬರುತ್ತದೆ.

ಪಕ್ಕದ ಮೇಜಿನಲ್ಲಿ ಕಟ್ಟಡ ಕೆಲಸದ ಮೂವರು ಕೂತಿದ್ದರು, ಅವರಲ್ಲಿ ಒಬ್ಬಳು ಹೆಂಗಸು. ಮೂವರಿಗೂ ಸೇರಿ ಒಂದೇ ಬಾಟಲಿ. ಲೋಟದ ತುಂಬ ಮಂಜುಗಡ್ಡೆ, ಅದರ ಮೇಲೆ ಎರಡು ಬೆರಳಿನಷ್ಟು ಬಿಯರು, ಕರಗಿದಂತೆ ಮತ್ತೆ ಮಂಜುಗಡ್ಡೆ. ಹೊಯ್ಯುವ ಕೆಲಸ ಆ ಹೆಂಗಸಿನದು, ಅಳತೆ ಒಂದು ಲೋಟಕ್ಕೂ ಇನ್ನೊಂದಕ್ಕೂ ತಪ್ಪುತ್ತಿರಲಿಲ್ಲ. ನಾವು ಎರಡು ತಟ್ಟೆ ಮುಗಿಸಿ ಕೈ ಒರಸಿಕೊಳ್ಳುವವರೆಗೂ ಅವರ ಬಾಟಲಿಯಲ್ಲಿ ಕಾಲು ಭಾಗ ಉಳಿದಿತ್ತು. ಮಂಜುಗಡ್ಡೆಯ ಬಕೆಟಿಗೆ ಅಂಗಡಿಯಾಕೆ ಹತ್ತು ಬಾತ್ ಬೇರೆ ತೆಗೆದುಕೊಳ್ಳುತ್ತಾಳೆ.